ಅತ್ತಿಗೆ, ನನ್ನ ಲಿವರ್ ಸುಧಾರಿಸಿದೆ

ಅತ್ತಿಗೆ,

ನೀವು ಮಲಗಿದ್ರಿ, ಎಬ್ಬಿಸೋಕೆ ಮನಸ್ಸಾಗಲಿಲ್ಲ. ಹೀಗೇ ಬಿಟ್ಟರೆ ಲಿವರ್ ಕೆಟ್ಟುಹೋಗುತ್ತೆ ಅಂತ ಹೆದರಿಸಿದ್ದ ಡಾಕ್ಟರೇ ನಿನ್ನೆ ಹೊಸ ಸ್ಕ್ಯಾನ್ ನೋಡಿ, "ಲಿವರ್‌ನಲ್ಲಿದ್ದ ಕೊಬ್ಬು ಚೆನ್ನಾಗಿ ಕರಗಿದೆ. ದಿನವಿಡೀ ಕೂತು ಬಟ್ಟೆ ಹೊಲಿಯೋರು ನೀವು, ಮನೇಲಿ ಯಾರು ನೋಡ್ಕೋತಾರೆ?" ಅಂದ್ರು. "ನಮ್ಮತ್ತಿಗೆ" ಅಂದೆ.

ನನ್ನೊಬ್ಬನಿಗೋಸ್ಕರ ಇಡೀ ಮನೆಗೆ ಕರಿದ ತಿಂಡಿ ನಿಲ್ಲಿಸಿದ್ರಿ. ಅಣ್ಣ ಮುಖ ಊದಿಸಿಕೊಂಡಾಗ, "ನಿಮಗೆ ತಮ್ಮ ಬೇಕೋ, ಎಣ್ಣೆ ಬಾಣಲೆ ಬೇಕೋ?" ಅಂತ ಅವನ ಬಾಯಿ ಮುಚ್ಚಿಸಿದ್ರಿ. ನಾನು ಕದ್ದು ಬಿಸ್ಕತ್ತು ತಿಂದದ್ದು ಗೊತ್ತಾದ್ರೂ ಬಯ್ಯಲಿಲ್ಲ, ಸುಮ್ಮನೆ ಆ ಡಬ್ಬಿಗೆ ಹುರಿಗಡಲೆ ತುಂಬಿಟ್ರಿ.

ಆದ್ರೆ ಒಂದಕ್ಕೆ ಮಾತ್ರ ಸಿಟ್ಟು ಬಂದಿದೆ. ನನ್ನನ್ನ ದಿನಾ ಸಂಜೆ ವಾಕಿಂಗ್‌ಗೆ ಹೊರಡಿಸೋದಕ್ಕೆ ನೀವೂ ಜೊತೆಗೆ ನಡೀತಾ ನಿಮ್ಮ ಮಂಡಿನೋವನ್ನೇ ಮುಚ್ಚಿಟ್ರಲ್ಲ! ನಿನ್ನೆ ನೀವು ಗೋಡೆ ಹಿಡಿದು ಮೆಟ್ಟಿಲು ಹತ್ತಿದ್ದು ನೋಡಿದೆ.

ತರಕಾರಿ ಹೆಚ್ಚಿ ಫ್ರಿಜ್‌ನಲ್ಲಿಟ್ಟಿದ್ದೀನಿ. ರಾತ್ರಿ ಅಡುಗೆ ನಂದು, ನೀವು ಒಲೆ ಹತ್ರ ಸುಳೀಬೇಡಿ. ಸಂಜೆಗೆ ಮೂಳೆ ಡಾಕ್ಟರ ಹತ್ರ ನಿಮ್ಮ ಹೆಸರು ಬರೆಸಿದ್ದೀನಿ. "ನಂಗೇನಾಗಿದೆ" ಅನ್ನೋ ಹಾಗಿಲ್ಲ. ಅಂಗಡಿ ಬೇಗ ಮುಚ್ಚಿ ಬರ್ತೀನಿ, ನನ್ನ ಕೈ ಹಿಡ್ಕೊಳ್ಳಿ, ನಿಧಾನಕ್ಕೆ ಹೋಗೋಣ.

ನಿಮ್ಮ ಮೈದುನ