ಎಡ ಮೂತಿಯ ಬಟನ್

ರೀ,

ಓದುವುದಕ್ಕೆ ನೀವಿಲ್ಲ ಅಂತ ಗೊತ್ತು. ಆದರೂ ಇವತ್ತು ದಡದಲ್ಲಿ ನಡೆದದ್ದನ್ನು ನಿಮಗೆ ಹೇಳದೆ ಇದ್ದರೆ ನನ್ನ ಹೊಟ್ಟೆ ಉಬ್ಬಿಹೋಗುತ್ತದೆ.

ನೀವು ರೂಪಿಸಿದ ಎರಡು ಒಡಲಿನ ಪಂದ್ಯದ ಹಾಯಿದೋಣಿಯನ್ನು ಈಗ ಬೇರೆ ಊರಿನವರೂ ಕಟ್ಟುತ್ತಾರೆ. ಎಲ್ಲವೂ ನಿಮ್ಮ ಅಚ್ಚಿನ ಹಾಗೇ ಇರಬೇಕು, ಕೂದಲೆಳೆಯಷ್ಟೂ ಬದಲಾಗಬಾರದು ಎಂಬುದು ನಿಮ್ಮದೇ ನಿಯಮ. ಮೊದಲ ದೋಣಿಯಿಂದ ಆ ಅಚ್ಚು ತೆಗೆಯುವಾಗ ನಿಮ್ಮ ನೀಲಿ ಅಂಗಿಯ ಬಟನ್ ಕಳಚಿ ಬಿದ್ದು, ಎಡ ಒಡಲಿನ ಮುಂತುದಿಗೆ, ಅದರ ಮೂತಿಗೆ, ಅಂಟಿಕೊಂಡಿತ್ತಲ್ಲ? ಅಂದಿನಿಂದ ಪ್ರತಿ ದೋಣಿಯ ಎಡ ಮೂತಿಯಲ್ಲೂ ಬಟನ್ನಿನಂಥದೇ ಒಂದು ಉಬ್ಬು, ತೂತುಗಳ ಗುರುತು ಸಮೇತ.

ಇವತ್ತು ಹೊಸ ಕಾರ್ಖಾನೆಯವನೊಬ್ಬ ಕನ್ನಡಿಯಂಥ ದೋಣಿ ತಂದಿದ್ದ. ಪಂದ್ಯಕ್ಕೆ ಮುಂಚೆ ದೋಣಿಗಳ ಅಳತೆ ನೋಡುವ ನಿಮ್ಮ ತಂಗಿ ಮೂತಿಯ ಮೇಲೆ ಬೆರಳಾಡಿಸಿ, "ಬಟನ್ ಎಲ್ಲಿ ಸ್ವಾಮಿ?" ಎಂದಳು.

"ಅದು ಅಚ್ಚಿನ ತಪ್ಪಲ್ವಾ ಮೇಡಂ? ಉಜ್ಜಿ ತೆಗೆಸಿದ್ವಿ."

"ತಪ್ಪೋ ಒಪ್ಪೋ, ಎಲ್ಲದರಲ್ಲೂ ಇದೆ. ಇದರಲ್ಲೂ ಇರ್ಬೇಕು. ಮಾಡ್ಕೊಂಡು ಬನ್ನಿ."

ಪಾಪ, ಅವನು ಮಂಡಿಯೂರಿ ಕೂತು, ಅಂಟು ಕಲಸಿ, ಆ ತಪ್ಪನ್ನು ತಿದ್ದಿ ತೀಡಿ ಮತ್ತೆ ಮಾಡಿದ. ತೂತುಗಳನ್ನು ಸೂಜಿಯಿಂದ ಚುಚ್ಚಿದ. ಸೂಜಿ ಕೊಟ್ಟವಳು ನಾನೇ. ನಕ್ಕು ನಕ್ಕು ನನಗೂ ನಿಮ್ಮ ತಂಗಿಗೂ ಹೊಟ್ಟೆ ಹುಣ್ಣಾಯಿತು. ಕೊನೆಗೆ ಪಂದ್ಯ ಗೆದ್ದವನೂ ಅವನೇ. ಬಟನ್ನಿನಿಂದಲೇ ಗೆದ್ದೆ ಅಂತ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಅಚ್ಚು ತೆಗೆದ ದಿನ ಬೆಳಿಗ್ಗೆ ನೀವು, "ಈ ಬಟನ್ ಸಡಿಲ ಆಗಿದೆ, ಒಂಚೂರು ಹೊಲಿದು ಕೊಡೇ" ಅಂದಿದ್ದಿರಿ. ಸಂಜೆ ಹೊಲಿತೀನಿ ಅಂದಿದ್ದೆ.

ಅಂಗಿ ಬೀರುವಿನಲ್ಲಿದೆ. ಇನ್ನೂ ಹೊಲಿದಿಲ್ಲ.