ಮಸಿ ಬಳಿದ ಸಾಲು

ನಾಗಸಾಕಿ, ಏಳನೇ ತಿಂಗಳ ಹನ್ನೆರಡು

ಮೈಯೆಲ್ಲ ಉರಿಯುತ್ತಿದೆ. ಸೆಕೆಯಿಂದಲ್ಲ.

ಬೆಳಿಗ್ಗೆ ಬಂದ ಡಚ್ ಹಡಗಿನ ಕಪ್ತಾನ ಈ ವರ್ಷದ ಹೊರಗಿನ ಸುದ್ದಿಯೆಲ್ಲ ಹೇಳಿದ. ಎದೋ ನಗರದಲ್ಲಿರುವ ದೊರೆಯ ಅರಮನೆಗೆ ಕಳಿಸಲು ನಾವು ದುಭಾಷಿಗಳು ಬರೆದುಕೊಂಡೆವು. ಮುಂದಿನ ಬೇಸಿಗೆಗೆ ಬೇರೆ ದೇಶದ ಫಿರಂಗಿ ಹಡಗುಗಳು ನಮ್ಮ ಕಡಲಿಗೆ ಬರುತ್ತವೆ ಎಂದ. ಹಿರಿಯ ದುಭಾಷಿ ಕುರೋಗಿ, ನನ್ನ ಮಾವ, ಸದ್ದಿಲ್ಲದೆ ಆ ಸಾಲಿಗೆ ಮಸಿ ಬಳಿದರು.

"ಮಾವ, ಮುಖ್ಯವಾದ್ದು ಅದೇ ಅಲ್ವಾ!"

"ಅಳಿಯಂದ್ರೇ, ಕೆಟ್ಟ ಸುದ್ದಿ ಹೋದ್ರೆ ಮೊದ್ಲು ವಿಚಾರಣೆಗೆ ಎಳೆಯೋದು ನಮ್ಮನ್ನೇ. ಸೆರೆಮನೆ ಗಂಜಿ ಕುಡಿಯೋ ಆಸೆನಾ ನಿಮಗೆ?"

ಎಲ್ಲರೂ ಕಿಸಕ್ಕನೆ ನಕ್ಕರು. ಥೂ, ಹೇಡಿಗಳು! ಮೂರು ತಲೆಮಾರಿನ ದುಭಾಷಿಗಳಂತೆ!

ಶುದ್ಧಪ್ರತಿಗೆ ಕಪ್ತಾನನ ಸಹಿ ಬೇಕು. ಅವನಿಗೆ ನಮ್ಮ ಒಂದಕ್ಷರವೂ ಓದಲು ಬರುವುದಿಲ್ಲ. ಲೇಖನಿ ಹಿಡಿದವನು ಮಾವನನ್ನು ಬಿಟ್ಟು ನನ್ನ ಕಡೆ ತಿರುಗಿದ.

"ಆ ಹಡಗುಗಳ ವಿಷಯ ಬರೆದಿದೀರಿ ತಾನೆ?"

ಮಾವ ಕೆಮ್ಮಿದರು.

ಸಂಜೆಯಿಂದ ಅವರೆಲ್ಲರನ್ನೂ ಬಾಯಿಗೆ ಬಂದಂತೆ ಬೈದುಕೊಳ್ಳುತ್ತಿದ್ದೇನೆ. ಆದರೆ "ಬರೆದಿದೀವಿ ಸ್ವಾಮಿ, ಎಲ್ಲಾ ಇದೆ" ಎಂದವನು ನಾನು. ನನ್ನ ಮುಖ ನೋಡಿಯೇ ಅವನು ಸಹಿ ಹಾಕಿದ.