ಎಂ.ಎ. ಅರ್ಜಿಯ ಕಡತದಲ್ಲಿ ನಿನ್ನ ಹೆಸರು

ತಮ್ಮಾ ಶಿವು,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದೆ. ನೀನು ಹೇಗಿದ್ದೀಯ ಎಂದು ಕೇಳಲು ಹೋದಾಗ ಪೆನ್ನು ಅಲ್ಲೇ ನಿಂತಿತು. ಎರಡು ವರ್ಷದ ಹಿಂದೆ ಚೌತಿಯ ಹಿಂದಿನ ವಾರ ನಿನ್ನನ್ನು ಕಳಿಸಿಕೊಟ್ಟವಳೇ ನಾನು, ಮತ್ತೆ ಕೇಳುವುದೇನು? ಆದರೂ ನಿನಗೊಂದು ಸುದ್ದಿ ಹೇಳಬೇಕಿದೆ. ಅದಕ್ಕೂ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ. ತಪ್ಪು ನಿನಗೆ ಗೊತ್ತೇ ಇತ್ತು. ನಾನು ಬಾಯಿಬಿಟ್ಟು ಹೇಳಿದ್ದು ಮಾತ್ರ ನಿನಗೆ ಗೊತ್ತಿಲ್ಲ.

ನೀನು ಕನ್ನಡ ಮೇಷ್ಟ್ರಾಗಿ ನಮ್ಮ ಕಾಲೇಜಿಗೆ ಬಂದ ಮೊದಲ ದಿನ ನೆನಪಾಗುತ್ತದೆ. ಏಳನೇ ಕ್ಲಾಸಿಗೆ ಓದು ಬಿಟ್ಟು, ಕಸ ಗುಡಿಸಲು ಸೇರಿ, ಆಮೇಲೆ ಲೈಬ್ರರಿಗೆ ಅಟೆಂಡರ್ ಆದವಳು ನಾನು. ಲೈಬ್ರೇರಿಯನ್ ಹುದ್ದೆ ಯಾವತ್ತೂ ಖಾಲಿಯೇ ಇದ್ದುದರಿಂದ ಬೀಗದ ಕೈಯಿಂದ ಹಿಡಿದು ದಾಖಲೆ ಪುಸ್ತಕದವರೆಗೆ ಎಲ್ಲ ನನ್ನದೇ. ನಿನ್ನ ಹಳೆಯ ಪಠ್ಯಗಳನ್ನು ಓದಿ ಅಕ್ಷರ ಗಟ್ಟಿ ಮಾಡಿಕೊಂಡ ನಾನು, ಆ ಕಪಾಟುಗಳಲ್ಲಿ ನನ್ನ ಮಿಕ್ಕ ಓದು ಮುಗಿಸಿದೆ. ಆ ಮೊದಲ ದಿನ ನೀನು ಬಾಗಿಲಲ್ಲಿ ನಿಂತು ಪಿಸುಗುಟ್ಟಿದೆ:

"ಅಕ್ಕ, ಇಲ್ಲಿ ನಿನ್ನ ಎಂತ ಅಂತ ಕರೀಲಿ?"

"ಲಲಿತಮ್ಮನೋರೇ ಅಂತ ಕರಿ. ನಾನು ಸರ್ ಅಂತೀನಿ. ಕಿವಿ ಹಿಂಡೋದು ಮನೇಲಿ ಇಟ್ಕಳನ."

ಇಪ್ಪತ್ತು ವರ್ಷಕ್ಕೂ ಮೇಲೆ ಆ ಮಾತು ತಪ್ಪಲಿಲ್ಲ ನಾವು. ನೀನು ಪ್ರಿನ್ಸಿಪಾಲ್ ಕುರ್ಚಿಯಲ್ಲಿ ಕೂತ ಮೇಲೂ.

ಪ್ರತಿ ವರ್ಷ ಬಿ.ಎ. ಫಲಿತಾಂಶ ಬಂದ ವಾರ ಹುಡುಗಿಯರು ಪುಸ್ತಕ ವಾಪಸು ಕೊಡಲು ಬರುತ್ತಿದ್ದರಲ್ಲ, ಅದು ನನಗೆ ಕಣ್ಣಿಗೆ ಕಟ್ಟಿದಂತಿದೆ. ರಸೀದಿ ಕೊಟ್ಟರೂ ಹೋಗುತ್ತಿರಲಿಲ್ಲ. ಕಿಟಕಿ ಹತ್ತಿರ ನಿಂತು ಒಂದೊಂದೇ ಕಪಾಟು ನೋಡುತ್ತಿದ್ದರು. ಮುಂದೆ ಓದಬೇಕೆಂದರೆ ಶಿವಮೊಗ್ಗಕ್ಕೋ ಇನ್ನೂ ದೂರಕ್ಕೋ ಹೋಗಬೇಕು, ಹಾಸ್ಟೆಲಿನಲ್ಲಿ ಇರಬೇಕು. ಮನೆಯಲ್ಲಿ ಬೇಡ ಎನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಒಂದು ದಿನ ನೀನು ಆ ಕಿಟಕಿ ಹತ್ತಿರ ಬಂದು, "ಇಲ್ಲೇ ಎಂ.ಎ. ಆದ್ರೆ ಇವ್ರು ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮನೆ ಸೇರ್ತಾರೆ ಅಲ್ವಾ" ಎಂದೆ. ಹೊಸನಗರದಿಂದ, ಹುಂಚದಿಂದ, ಅತ್ತ ಸಾಗರದ ಕಡೆಯ ಹಳ್ಳಿಗಳಿಂದ ಬರುವ ಬಸ್ಸುಗಳ ವೇಳೆಯನ್ನೆಲ್ಲ ನೀನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. ಆ ವರ್ಷವೇ ಅರ್ಜಿ ಹಾಕಿದೆ.

ಅರ್ಜಿಯ ಕೆಲಸ ಶುರುವಾದಾಗ ಅಲ್ಲವೇ ನನಗೆ ತಿಳಿದದ್ದು, ಕಾಲೇಜಿಗೆ ಒಂದು ಹೊಸ ಪದವಿ ತರುವುದು ಕೋಣೆಗೆ ಬೋರ್ಡು ತೂಗುಹಾಕಿದಷ್ಟು ಸುಲಭವಲ್ಲ ಎಂದು. ವಿಶ್ವವಿದ್ಯಾಲಯಕ್ಕೆ ಬರೆಯಬೇಕು. ಅಲ್ಲಿಂದ ವಿಚಾರಣಾ ಸಮಿತಿ ಬಂದು ಕೋಣೆ ಅಳೆಯಬೇಕು, ಮೇಷ್ಟ್ರುಗಳ ಓದು ನೋಡಬೇಕು, ಆ ವಿಷಯದ ಪುಸ್ತಕ ಎಷ್ಟಿವೆ ಎಂದು ಎಣಿಸಬೇಕು. ಅವರು ಸರಿ ಎಂದರೆ ಸಿಂಡಿಕೇಟು, ಅಲ್ಲಿಂದ ಬೆಂಗಳೂರು, ಸರ್ಕಾರ ಒಪ್ಪಿದರೆ ಮತ್ತೆ ವಿಶ್ವವಿದ್ಯಾಲಯ, ಕೊನೆಗೆ ಆದೇಶ. ಸಮಿತಿಯವರು ಮೊದಲನೇ ಮೆಟ್ಟಿಲಲ್ಲೇ ಬೇಡ ಎಂದು ಬರೆದರೆ ಮಿಕ್ಕವರು ಕಡತ ಬಿಚ್ಚುವುದೂ ಇಲ್ಲ.

ನಮಗೆ ಕೋಣೆಯಿತ್ತು, ಮೇಷ್ಟ್ರುಗಳಿದ್ದರು, ಪುಸ್ತಕ ಸಾಲುತ್ತಿರಲಿಲ್ಲ. ಬೇರೆ ಕಾಲೇಜಿನಿಂದ ಆ ಒಂದು ದಿನದ ಮಟ್ಟಿಗೆ ತಂದಿಡೋಣ, ಎಲ್ಲರೂ ಹಾಗೇ ಮಾಡುತ್ತಾರಂತೆ ಎಂದು ನಾನೇ ಹೇಳಿದ್ದು. ಮನೆಯಲ್ಲಿ ಕೂತು ಅರ್ಜಿ ಬರೆಯುತ್ತಿದ್ದ ನೀನು ಪೆನ್ನು ಕೆಳಗಿಟ್ಟೆ. "ಗೇಣಿ ಭೂಮಿಗೆ ಅರ್ಜಿ ಹಾಕಿ ಟ್ರಿಬ್ಯೂನಲ್ ಮುಂದೆ ನಿಂತಾಗ ಅಪ್ಪ ಎಂತ ಹೇಳಿದ್ದ ಗೊತ್ತಲ್ಲಕ್ಕ? ಪಕ್ಕದ ಹಾಳುಗದ್ದೇನೂ ಸೇರ್ಸು ಅಂತ ಎಲ್ರೂ ಹೇಳಿಕೊಟ್ಟಿದ್ರು. ಅಪ್ಪ ತಾನು ಉತ್ತಿದ್ದು ಅಷ್ಟೇ ಹೇಳ್ದ. ಇದ್ದಷ್ಟು ಇಡನ. ಕಮ್ಮಿ ಬಿದ್ರೆ ಬರೋ ವರ್ಷ ಕೊಳ್ತೀವಿ ಅಂತ ಬರ್ಕೊಡನ." ನಾನು ಆಯಿತು ಎಂದೆ. ಎಂದೆನಲ್ಲ...

ಸಮಿತಿ ಬರುವ ಹಿಂದಿನ ಭಾನುವಾರದ್ದು ನಿನಗೆ ನಾನು ಯಾವತ್ತೂ ಹೇಳಲಿಲ್ಲ. ತೀರ್ಥಹಳ್ಳಿ ಕಡೆಯ ಇನ್ನೊಂದು ಕಾಲೇಜಿನ ಲೈಬ್ರರಿಯಲ್ಲಿ ನನ್ನ ಹಾಗೆಯೇ ಅಟೆಂಡರ್ ಆಗಿದ್ದ ಸರೋಜ ಇದ್ದಳಲ್ಲ, ಅವಳ ಕೈಕಾಲು ಹಿಡಿದು ಮೂರು ಚೀಲ ಪುಸ್ತಕ ಆಟೋದಲ್ಲಿ ತಂದೆ. ಅದು ಮೋಸ ಎಂದು ನನಗೆ ಅನಿಸಲೇ ಇಲ್ಲ ಶಿವು. ನಮ್ಮಲ್ಲಿ ಮದುವೆ ಬಂದರೆ ನಾಲ್ಕು ಮನೆಯ ಹಂಡೆ, ಕೊಪ್ಪರಿಗೆ ತರುವುದಿಲ್ಲವೇ? ಅವುಗಳ ಮೇಲೆ ಅವರವರ ಮನೆ ಹೆಸರು ಕೊರೆದಿರುತ್ತದೆ. ಉಂಡವರು ಯಾರಾದರೂ ಪಾತ್ರೆ ತಿರುಗಿಸಿ ಹೆಸರು ಓದುತ್ತಾರೆಯೇ? ಸಮಿತಿಯವರನ್ನೂ ನಾನು ಹಾಗೆ ಉಂಡು ಹೋಗುವ ನೆಂಟರೆಂದೇ ಲೆಕ್ಕ ಹಾಕಿದ್ದೆ. ಸರೋಜ ಮಾತ್ರ, "ಲಲಿತಕ್ಕ, ಸೀಲು?" ಎಂದಳು. "ಅದೆಲ್ಲ ನಂಗೆ ಗೊತ್ತಿದೆ ಮಾರಾಯ್ತಿ, ಮೂವತ್ತು ವರ್ಷ ಎಂತ ಮಾಡಿದೀನಿ" ಎಂದು ಜಂಬ ಕೊಚ್ಚಿದೆ.

ನಾನು ಮೈದಾ ಅಂಟು ಕಾಯಿಸಿ ಕೂತದ್ದು ಆ ಸಂಜೆ. ಲೈಬ್ರರಿ ಪುಸ್ತಕಕ್ಕೆ ಮೊದಲ ಹಾಳೆಯಲ್ಲಿ, ಕೊನೆಯ ಹಾಳೆಯಲ್ಲಿ ಸೀಲು ಇರುತ್ತದೆ. ಕದ್ದವರು ಆ ಹಾಳೆ ಹರಿದರೂ ಪತ್ತೆಯಾಗಲಿ ಎಂದು ಒಳಗೆಲ್ಲೋ ಇನ್ನೊಂದು ಪುಟದಲ್ಲಿ ಗುಟ್ಟಾಗಿ ಮತ್ತೊಂದು ಒತ್ತಿರುತ್ತಾರೆ. ನಮ್ಮಲ್ಲಿ ಅದು ಇಪ್ಪತ್ತೈದನೇ ಪುಟ. ನಾನು ಒಂದೊಂದನ್ನೂ ಇಪ್ಪತ್ತೈದಕ್ಕೆ ಬಿಚ್ಚಿ ನೋಡಿದೆ. ಸೀಲು ಇರಲಿಲ್ಲ. ಪಾಪ, ಅವರಿಗೆ ಆ ಪದ್ಧತಿಯೇ ಗೊತ್ತಿಲ್ಲ ಎಂದುಕೊಂಡು ಮೊದಲ, ಕೊನೆಯ ಹಾಳೆಗಳಲ್ಲಿದ್ದ ಅವರ ಸೀಲಿನ ಮೇಲೆ ಚೀಟಿ ಅಂಟಿಸಿ, ನಮ್ಮ ಸೀಲು ಒತ್ತಿ, ದಾಖಲೆ ಪುಸ್ತಕದಲ್ಲಿ ನನ್ನ ಕೈಯಾರೆ ನಂಬರು ಬರೆದೆ. ಗುಟ್ಟಿನ ಪುಟ ಒಂದೊಂದು ಲೈಬ್ರರಿಗೆ ಒಂದೊಂದು ಎಂದು ಈ ಮೂವತ್ತು ವರ್ಷದ ಪಂಡಿತೆಗೆ ಹೊಳೆಯಲೇ ಇಲ್ಲ.

ಸಮಿತಿ ಬಂದ ಬೆಳಿಗ್ಗೆ ನೀನು ಲೈಬ್ರರಿಗೆ ಕಾಲಿಟ್ಟವನು ತುಂಬಿದ ಕಪಾಟು ನೋಡಿದೆ. ಆಮೇಲೆ ನನ್ನನ್ನು ನೋಡಿದೆ. ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು. ಬಂದವರಲ್ಲಿ ಒಬ್ಬರು ತಾವೇ ಲೈಬ್ರೇರಿಯನ್ ಆಗಿದ್ದವರು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಒಂದು ಪುಸ್ತಕ ಎಳೆದು, ಹಾಳೆಗಳನ್ನು ಹೆಬ್ಬೆರಳಲ್ಲಿ ಸರಸರ ಬಿಟ್ಟು, ಮೂವತ್ತೊಂದನೇ ಪುಟದಲ್ಲಿ ನಿಲ್ಲಿಸಿದರು. ಇನ್ನೊಂದು ಎಳೆದರು. ಅದೇ ಪುಟ.

"ಇದು ಯಾವ ಕಾಲೇಜಿನ ಸೀಲು, ಪ್ರಿನ್ಸಿಪಾಲ್ರೇ?"

ನಾನು ಬೀಗದ ಕೈ ಗೊಂಚಲು ಹಿಡಿದು ಅಲ್ಲೇ ನಿಂತಿದ್ದೆ. ನೀನು ನನ್ನ ಕಡೆ ತಿರುಗಲೂ ಇಲ್ಲ.

"ನಾನೇ ತರಿಸಿದ್ದು ಸರ್. ಲೈಬ್ರರಿಯವರು ನಾನು ಹೇಳಿದ್ದು ಮಾಡಿದಾರೆ, ಅಷ್ಟೇ."

ಅಡುಗೆಯವರು ಎಲೆ ಹಾಕಿ ಕಾಯುತ್ತಿದ್ದರು. ಸಮಿತಿಯವರು ನೀರೂ ಕುಡಿಯದೆ ಹೊರಟರು.

ಆ ಸಂಜೆಯ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. "ನೀ ಯಾಕೆ ಹಂಗೆ ಹೇಳ್ದೆ?" ಎಂದು ಕೇಳಿದೆ. "ನಿಂಗೆ ಇನ್ನೆರಡು ವರ್ಷ ಸರ್ವಿಸ್ ಇದೆಯಲ್ಲಕ್ಕ. ಈಗ ಸಸ್ಪೆಂಡ್ ಆದ್ರೆ ಎಂತ ಮಾಡ್ತಿ? ನಂದು ಕುರ್ಚಿ ತೆಗೀತಾರೆ, ಅಷ್ಟೇ. ಕೂರಕ್ಕೆ ಸ್ಟಾಫ್ ರೂಮಲ್ಲಿ ಬೆಂಚಿದೆ ಬಿಡು." ನಗಿಸಲು ಹೇಳಿದೆ. ನಾನು ನಗಲಿಲ್ಲ. ಕುರ್ಚಿ ತೆಗೆದರು. ಎಂ.ಎ. ಬರಲಿಲ್ಲ. ಸ್ಟಾಫ್ ರೂಮಿನಲ್ಲಿ "ಶಿವಪ್ಪ ಮೇಷ್ಟ್ರೇ, ಎಲ್ಲಾದ್ರೂ ಒಂದು ಪುಸ್ತಕ ಕಡ ಸಿಗುತ್ತಾ?" ಎಂದು ಯಾರೋ ಕೇಳಿದ್ದು, ಎಲ್ಲರೂ ನಕ್ಕದ್ದು, ನೀನೂ ಜೊತೆಗೆ ನಕ್ಕದ್ದು, ನಾನು ಬಾಗಿಲ ಆಚೆಯಿಂದ ಕೇಳಿಸಿಕೊಂಡಿದ್ದೇನೆ. ಒಳಗೆ ಬಂದು ಒಂದು ಮಾತು ಹೇಳಬಹುದಿತ್ತು. ಹೇಳಿದೆನಾ?

ಸಾಗರದ ಆಸ್ಪತ್ರೆಯಲ್ಲಿ ನಿನ್ನ ಕೊನೆಯ ದಿನಗಳು. ಮಂಚದ ಪಕ್ಕ ಕೂತು "ಶಿವು, ಆ ಪುಸ್ತಕದ್ದು..." ಎಂದು ಶುರುಮಾಡಿದೆ. "ಆಯ್ತಲ್ಲ, ಬಿಡಕ್ಕ" ಎಂದು ನೀನು ಮಗ್ಗುಲಾದೆ. ನೀನು ಬಿಟ್ಟಿದ್ದೆ. ನಿನ್ನದು ಬಿಡುವ ಸ್ವಭಾವ. ನನಗೆ ಬಿಡಲು ಬರಬೇಕಲ್ಲ?

ಈ ವರ್ಷದ ಆರಂಭದಲ್ಲಿ ಈಗಿನ ಪ್ರಿನ್ಸಿಪಾಲ್ ಸುಧಾ ಮೇಡಂ ಮನೆಗೆ ಬಂದರು. ಮತ್ತೆ ಎಂ.ಎ.ಗೆ ಅರ್ಜಿ ಹಾಕಿದ್ದಾರಂತೆ. "ಲಲಿತಮ್ಮ, ಲೈಬ್ರರಿ ನಿಮಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ರಿಟೈರಾದ್ರೆ ಎಂತಾಯ್ತು, ಕಮಿಟಿ ಬರೋ ದಿನ ನಮ್ಮ ಜೊತೆ ನಿಂತ್ಕಳಿ." ಈ ಸಲ ಒಂದು ಪುಸ್ತಕವನ್ನೂ ಕಡ ತಂದಿರಲಿಲ್ಲ. ನಿನ್ನ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರು ನಾಲ್ಕೈದು ಕೊಂಡು ಕೊಟ್ಟಿದ್ದರು. ಪಟ್ಟಿ ಸರಿ ನೋಡಲು ಕಡತ ಬಿಚ್ಚಿದಾಗ ಹಿಂದಿನ ಸಮಿತಿಯ ಟಿಪ್ಪಣಿ ಕಣ್ಣಿಗೆ ಬಿತ್ತು. 'ಪ್ರಾಚಾರ್ಯರು ಉದ್ದೇಶಪೂರ್ವಕವಾಗಿ ಸಮಿತಿಯನ್ನು ದಾರಿ ತಪ್ಪಿಸಿರುತ್ತಾರೆ.' ಕೆಳಗೆ ನಿನ್ನ ಪೂರ್ತಿ ಹೆಸರು. ಅರ್ಜಿ ಹೋದಲ್ಲೆಲ್ಲ ಆ ಹಾಳೆಯೂ ಹೋಗುತ್ತದೆ. ಸಿಂಡಿಕೇಟಿನವರು ಓದುತ್ತಾರೆ, ಬೆಂಗಳೂರಿನವರು ಓದುತ್ತಾರೆ, ನಿನ್ನನ್ನು ಒಂದು ದಿನವೂ ನೋಡದವರು.

ಸಮಿತಿಯ ದಿನ ಅಧ್ಯಕ್ಷರಾಗಿ ಬಂದವರು ಒಬ್ಬ ಹೆಂಗಸು, ಮಾತು ಕಡಿಮೆ. ಲೈಬ್ರರಿಯಲ್ಲಿ ಕೂತು ಆ ಹಾಳೆಯ ಮೇಲೆ ಬೆರಳಿಟ್ಟು, "ಹಿಂದಿನ ಸಲ ಹೀಗಾಗಿದೆಯಲ್ಲ?" ಎಂದರು. ಸುಧಾ ಮೇಡಂ ತಡಮಾಡಲಿಲ್ಲ. "ಅದು ಹಳೇ ಪ್ರಿನ್ಸಿಪಾಲ್ರ ಕಾಲದ್ದು ಮೇಡಂ. ಅವರು ಈಗಿಲ್ಲ. ಈಗ ಅಂಥದ್ದು ಏನೂ ಇಲ್ಲ." ಅವರು ಕೆಟ್ಟವರಲ್ಲ ಶಿವು. ಹುಡುಗಿಯರಿಗೆ ಕೋರ್ಸು ಬರಲಿ ಎನ್ನುವ ಆಸೆ. ಇಲ್ಲದವನ ತಲೆಗೆ ಕಟ್ಟಿದರೆ ಇರುವವರಿಗೆ ದಾರಿ ಸಲೀಸು. ನಾನೂ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆದರೆ, ನೀನು ಅಷ್ಟು ಆಸೆಪಟ್ಟ ಕೋರ್ಸೇ ಎರಡನೇ ಸಲವೂ ನನ್ನಿಂದಲೇ ಹೋಗಬಹುದಿತ್ತು. ನೀನಾಗಿದ್ದರೆ ಸುಮ್ಮನಿರು ಎನ್ನುತ್ತಿದ್ದೆ. ಗೊತ್ತು ನನಗೆ. ಆದರೆ ನಿನ್ನ ಹೆಸರಿನ ಮೇಲೆ ಆ ಬೆರಳು...

"ಮೇಡಂ, ಅದು ಅವನು ಮಾಡಿದ್ದಲ್ಲ" ಎಂದೆ.

"ನೀವು ಯಾರು?"

"ಇಲ್ಲಿ ಅಟೆಂಡರ್ ಆಗಿದ್ದೆ. ಆ ಪ್ರಿನ್ಸಿಪಾಲ್ರ ಅಕ್ಕ. ಪುಸ್ತಕ ತಂದಿದ್ದು ನಾನು, ಚೀಟಿ ಅಂಟ್ಸಿದ್ದು ನಾನು, ದಾಖಲೆ ಪುಸ್ತಕದಲ್ಲಿ ಬರೆದಿದ್ದೂ ನಾನು. ತರಬೇಡ ಅಂತ ಅವನು ಮೊದ್ಲೇ ಹೇಳಿದ್ದ."

ಸುಧಾ ಮೇಡಂ ನನ್ನ ಸೆರಗು ಎಳೆದರು. ಅಧ್ಯಕ್ಷರು ಕನ್ನಡಕ ತೆಗೆದು, "ಇದನ್ನ ಈಗ ಯಾಕೆ ಹೇಳ್ತಿದೀರಿ? ಇದರಿಂದ ಕಾಲೇಜಿಗೇ ತೊಂದರೆ ಆಗಬಹುದು, ಗೊತ್ತಾ?" ಎಂದರು.

"ಗೊತ್ತು ಮೇಡಂ. ಆರು ವರ್ಷ ಬಾಯಿ ಮುಚ್ಕೊಂಡಿದ್ದೋಳು ನಾನು. ಈಗ್ಲೂ ಮುಚ್ಕೊಂಡ್ರೆ ಇನ್ಯಾರು ಹೇಳ್ತಾರೆ?"

"ಬರೆದು ಕೊಡ್ತೀರಾ?"

ಕೊಟ್ಟೆ. ಒಂದೂವರೆ ಪುಟ. ಸಾಲು ಓರೆಯಾಯಿತು, ಆದರೆ ಒಂದು ಅಕ್ಷರ ಹೊಡೆದುಹಾಕಲಿಲ್ಲ. ಅದನ್ನು ಮಡಚಿಟ್ಟುಕೊಂಡು ಅಧ್ಯಕ್ಷರು ಕಪಾಟಿನ ಮುಂದೆ ನಿಂತರು. ಎಲ್ಲಾ ಪುಸ್ತಕ ಕೆಳಗಿಳಿಸಿ ಎಂದರು. ಮಧ್ಯಾಹ್ನ ಮೂರರವರೆಗೆ ಒಂದೊಂದನ್ನೂ ಬಿಚ್ಚಿ ನೋಡಿದರು. ಯಾರೂ ಊಟಕ್ಕೆ ಏಳಲಿಲ್ಲ. ಎಲ್ಲವೂ ನಮ್ಮವೇ ಆಗಿದ್ದವು.

ಅವರು ಹೋದ ಮೇಲೆ ಸುಧಾ ಮೇಡಂ ಕೇಳಿದ್ದು ಒಂದೇ ಮಾತು: "ಕೋರ್ಸು ಬರ್ದಿದ್ರೆ ಆ ಹುಡುಗೀರಿಗೆ ನೀವು ಎಂತ ಹೇಳ್ತೀರಿ ಲಲಿತಮ್ಮ?" ನಾನು ಪುಸ್ತಕಗಳನ್ನು ಮತ್ತೆ ಕಪಾಟಿಗೆ ಏರಿಸತೊಡಗಿದೆ. ಆಮೇಲೆ ಸಂತೆಯಲ್ಲಿ ಎದುರಾದರೂ ಅವರು ಮಾತಾಡಿಸಲಿಲ್ಲ. ನಾಲ್ಕು ತಿಂಗಳು. ಪೋಸ್ಟ್‌ಮ್ಯಾನ್ ಕಾಲೇಜಿನ ಕಡೆ ಹೋಗುವುದು ಕಂಡರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಡುತ್ತಿದ್ದೆ. ನಿನ್ನ ಹೆಸರು ಉಳಿಸಲು ಹೋಗಿ ನಿನ್ನ ಕೆಲಸವನ್ನೇ ಕೊಂದೆನೇ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೆ, ನಿನಗೇನು ಗೊತ್ತು?

ಹೋದ ತಿಂಗಳು ಸುಧಾ ಮೇಡಂ ಸ್ಕೂಟಿಯಲ್ಲಿ ಬಂದು ಅಂಗಳದಲ್ಲೇ ನಿಂತು, "ಬಂತು ಲಲಿತಮ್ಮ" ಎಂದರು. ಅಷ್ಟು ಹೇಳಿ ಅತ್ತರು. ನಾನು ಅವರನ್ನು ಒಳಗೆ ಕರೆಯುವುದನ್ನೂ ಮರೆತೆ. ಕನ್ನಡ ಎಂ.ಎ.ಗೆ ಒಪ್ಪಿಗೆಯಾಗಿದೆ ತಮ್ಮಾ. ಒಂದು ವರ್ಷದ ಮಟ್ಟಿಗೆ, ತಾತ್ಕಾಲಿಕ. ಪ್ರತಿ ವರ್ಷ ಮತ್ತೆ ಬಂದು ನೋಡುತ್ತಾರಂತೆ. ನೋಡಲಿ. ಹೋದ ಸೋಮವಾರ ಪಾಠ ಶುರುವಾಯಿತು. ಹದಿನೇಳು ಜನ ಸೇರಿದ್ದಾರೆ, ಅದರಲ್ಲಿ ಹದಿನಾಲ್ಕು ಹುಡುಗಿಯರು. ಹುಡುಗಿಯರು ಎಂದೆ, ಒಬ್ಬಳಿಗೆ ಹೈಸ್ಕೂಲಿಗೆ ಹೋಗುವ ಮಗನಿದ್ದಾನೆ. ನೀನು ಪಾಠ ಮಾಡಿದವಳೇ.

ಆದೇಶದ ಜೊತೆ ಸಮಿತಿಯ ವರದಿಯ ಪ್ರತಿಯೂ ಬಂದಿತ್ತು. ಸುಧಾ ಮೇಡಂ ಅದನ್ನು ನನ್ನ ಕೈಗೆ ಕೊಟ್ಟು, ಕೊನೆಯ ಸಾಲು ನೀವೇ ಓದಿ ಎಂದರು. ಹಳೆಯ ಟಿಪ್ಪಣಿಯನ್ನು ಅವರು ತೆಗೆದಿಲ್ಲ. ಕಡತದಿಂದ ಹಾಳೆ ತೆಗೆಯುವ ಹಾಗಿಲ್ಲವಂತೆ. ಆದರೆ ಹೀಗೆ ಬರೆದಿದ್ದಾರೆ: 'ಹಿಂದಿನ ಪ್ರಾಚಾರ್ಯರ ಕುರಿತ ಟಿಪ್ಪಣಿಯನ್ನು ಇನ್ನು ಮುಂದೆ ಶ್ರೀಮತಿ ಲಲಿತಮ್ಮನವರ ಹೇಳಿಕೆಯೊಂದಿಗೆ ಮಾತ್ರವೇ ಓದಿಕೊಳ್ಳತಕ್ಕದ್ದು.'

ಅಂದರೆ ನಿನ್ನ ಹೆಸರು ಓದಿದವರೆಲ್ಲ ನನ್ನದನ್ನೂ ಓದಲೇಬೇಕು, ಶಿವು. ನೀನು ಬೇಡವೆಂದರೂ ಅದು ಈಗ ಆದೇಶ.

ನಿನ್ನ ಅಕ್ಕ,
ಲಲಿತ